ಬೆಳಕಿನ ತೀವ್ರತೆಯಿಂದ ಕಾಂತಕ್ಷೇತ್ರ ಲೆಕ್ಕ ಹಾಕಿದರೆ ಮೂರು ಬೇರೆ ಬೇರೆ ಉತ್ತರ ಬರುತ್ತಿದೆ, ಯಾವುದು ಸರಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಒಂದೇ ಲೆಕ್ಕದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಲೆಕ್ಕ ಇಷ್ಟೇ: ನೆಲಕ್ಕೆ ಬೀಳುವ ಬಿಸಿಲಿನ ತೀವ್ರತೆ ಚದರ ಮೀಟರಿಗೆ 1000 ವ್ಯಾಟ್ ಅಂತ ಇಟ್ಟುಕೊಂಡರೆ, ಆ ಬೆಳಕಿನ ಅಲೆಯಲ್ಲಿರುವ ಕಾಂತಕ್ಷೇತ್ರದ ಗರಿಷ್ಠ ಬೆಲೆ ಎಷ್ಟು?

ನಾನು ಮೊದಲು ಮಾಡಿದ್ದು ಹೀಗೆ. ಕಾಂತಕ್ಷೇತ್ರ ಬಿ ಇರುವ ಕಡೆ ಒಂದು ಘನ ಮೀಟರಿನಲ್ಲಿ ಇರುವ ಶಕ್ತಿ ಬಿ² ÷ 2ಮ್ಯೂ. ಮ್ಯೂ ಅಂದರೆ ನಿರ್ವಾತದ ಪರ್ಮಿಯಬಿಲಿಟಿ, 1.257 × 10⁻⁶. ಅಲೆ ಏರುತ್ತಾ ಇಳಿಯುತ್ತಾ ಇರುವುದರಿಂದ ಸರಾಸರಿ ತೆಗೆದರೆ ಅದರ ಅರ್ಧ. ಆ ಶಕ್ತಿ ಬೆಳಕಿನ ವೇಗದಲ್ಲಿ ಮುಂದೆ ಹೋಗುತ್ತದೆ ಅಲ್ವಾ, ಹಾಗಾಗಿ ವೇಗದಿಂದ ಗುಣಿಸಿ 1000ಕ್ಕೆ ಸಮ ಮಾಡಿದೆ. ಉತ್ತರ 4.1 ಮೈಕ್ರೊಟೆಸ್ಲಾ ಬಂತು.

ಆಮೇಲೆ ಪಾಯಿಂಟಿಂಗ್ ಸೂತ್ರ ಹಿಡಿದೆ. ತೀವ್ರತೆ = ಇ × ಬಿ ÷ ಮ್ಯೂ, ಇಲ್ಲಿ ಇ ಅಂದರೆ ವಿದ್ಯುತ್ ಕ್ಷೇತ್ರ. ಅದರಲ್ಲಿ ಇ = ಸಿ × ಬಿ ಹಾಕಿದೆ, ಸಿ ಬೆಳಕಿನ ವೇಗ. ಈಗ 2.05 ಮೈಕ್ರೊಟೆಸ್ಲಾ ಬಂತು. ಪುಸ್ತಕದ ಹಿಂದಿನ ಉತ್ತರ ನೋಡಿದರೆ 2.9! ಮೂರಕ್ಕೆ ಮೂರೂ ಬೇರೆ.

ಇದರ ಜೊತೆಗೆ ಇನ್ನೊಂದು ವಿಷಯ ತಲೆ ತಿನ್ನುತ್ತಿದೆ. ಪುಸ್ತಕದ ಪ್ರಕಾರ ವಿದ್ಯುತ್ ಕ್ಷೇತ್ರ ಮೀಟರಿಗೆ 868 ವೋಲ್ಟ್, ಕಾಂತಕ್ಷೇತ್ರ 0.0000029 ಟೆಸ್ಲಾ. ಒಂದು ಇಷ್ಟು ದೊಡ್ಡದು, ಇನ್ನೊಂದು ಇಲ್ಲವೇನೋ ಅನ್ನುವಷ್ಟು ಚಿಕ್ಕದು. ಆದರೂ ಶಕ್ತಿಯಲ್ಲಿ ಎರಡಕ್ಕೂ ಸಮಪಾಲು ಅಂತ ಬರೆದಿದ್ದಾರೆ. ಇದು ಹೇಗೆ ಸಾಧ್ಯ? ಸೂತ್ರದಲ್ಲಿ ಹಾಕಿ ತೋರಿಸಿದರೆ ಒಪ್ಪುತ್ತೇನೆ, ಆದರೆ ಮನಸ್ಸಿಗೆ ಹಿಡಿಸುತ್ತಿಲ್ಲ.

ಉತ್ತರ 1

ನಿಮ್ಮ ಮೂರು ಉತ್ತರಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ: 4.1, 2.9, 2.05. ಮೊದಲನೆಯದನ್ನು 1.414ರಿಂದ ಭಾಗಿಸಿದರೆ ಎರಡನೆಯದು, ಅದನ್ನು ಮತ್ತೆ 1.414ರಿಂದ ಭಾಗಿಸಿದರೆ ಮೂರನೆಯದು. ಅಂದರೆ ಎಲ್ಲೋ ಒಂದು 2 ಬಿಟ್ಟುಹೋಗಿದೆ, ಇನ್ನೆಲ್ಲೋ ಇನ್ನೊಂದು 2 ಬಿಟ್ಟುಹೋಗಿದೆ. ಉತ್ತರಗಳ ನಡುವೆ 2ರ ವರ್ಗಮೂಲ ಕಾಣಿಸಿಕೊಂಡರೆ ತಪ್ಪು ಹುಡುಕುವುದು ಸುಲಭ, ಯಾಕೆಂದರೆ ಈ ವಿಷಯದಲ್ಲಿ 2 ಬರುವುದು ಎರಡೇ ಕಡೆಯಿಂದ.

ಮೊದಲ ದಾರಿಯಲ್ಲಿ ನೀವು ವಿದ್ಯುತ್ ಕ್ಷೇತ್ರದ ಪಾಲನ್ನು ಮರೆತಿದ್ದೀರಿ. ಸರಾಸರಿ ಸರಿಯಾಗಿಯೇ ತೆಗೆದಿದ್ದೀರಿ, ಆದರೆ 1000 ವ್ಯಾಟನ್ನೂ ಕಾಂತಕ್ಷೇತ್ರದ ತಲೆಗೇ ಕಟ್ಟಿದ್ದೀರಿ. ಅದು ಹೊರುವುದು 500 ಮಾತ್ರ. ಇರುವುದಕ್ಕಿಂತ ಎರಡು ಪಟ್ಟು ಶಕ್ತಿ ಹೊರಬೇಕಾದರೆ ಕ್ಷೇತ್ರ 1.414 ಪಟ್ಟು ದೊಡ್ಡದಾಗಿರಬೇಕು, 4.1 ಬಂದದ್ದು ಅದಕ್ಕೇ.

ಎರಡನೇ ದಾರಿಯಲ್ಲಿ ಪಾಲು ಸರಿ ಇದೆ, ಆದರೆ ಸರಾಸರಿ ತೆಗೆದಿಲ್ಲ. ಇ × ಬಿ ÷ ಮ್ಯೂ ಅನ್ನುವುದು ಒಂದು ಕ್ಷಣದ ಲೆಕ್ಕ. ಅಲೆಯ ನೆತ್ತಿಯಲ್ಲಿ ಅದು ಗರಿಷ್ಠ, ಕಾಲು ಸುತ್ತು ಕಳೆದರೆ ಸೊನ್ನೆ. ತೀವ್ರತೆ ಅಂತ ನಾವು ಅಳೆಯುವುದು ಇವೆಲ್ಲದರ ಸರಾಸರಿ, ಅದು ಗರಿಷ್ಠದ ಅರ್ಧ. ಹಾಗಾಗಿ ಗರಿಷ್ಠ ಬೆಲೆ ಬೇಕಾದರೆ ಬಳಸಬೇಕಾದದ್ದು ಇದು:

ತೀವ್ರತೆ = ಸಿ × ಬಿ² ÷ (2 × ಮ್ಯೂ)

ತಿರುಗಿಸಿ ಬರೆದರೆ ಬಿ = √(2 × ಮ್ಯೂ × ತೀವ್ರತೆ ÷ ಸಿ).

ಹಾಕಿ ನೋಡೋಣ. 2 × 1.257 × 10⁻⁶ × 1000 ಅಂದರೆ 2.513 × 10⁻³. ಅದನ್ನು 2.998 × 10⁸ರಿಂದ ಭಾಗಿಸಿದರೆ 8.38 × 10⁻¹². ವರ್ಗಮೂಲ 2.895 × 10⁻⁶. ಪುಸ್ತಕದ ಉತ್ತರ ಸಿಕ್ಕಿತು.

ನಿಮ್ಮ 2.05 ಸುಮ್ನೆ ಬಂದ ತಪ್ಪು ಸಂಖ್ಯೆ ಅಂದುಕೊಳ್ಳಬೇಡಿ. ಅದು ಅದೇ ಕ್ಷೇತ್ರದ ಆರ್‌ಎಂಎಸ್ ಬೆಲೆ, ಅಂದರೆ ವರ್ಗಗಳ ಸರಾಸರಿ ತೆಗೆದು ಅದಕ್ಕೆ ವರ್ಗಮೂಲ ಹಾಕಿದ್ದು. ಹೇಗೂ ಕೇಳಿದ್ದು ಗರಿಷ್ಠ ಬೆಲೆ, ಅದಕ್ಕೆ ಪುಸ್ತಕದಲ್ಲಿ 2.9 ಇದೆ. ನಿಜ ಹೇಳಬೇಕೆಂದರೆ ಬಿಸಿಲಿಗೆ ನಿಮ್ಮ ಸಂಖ್ಯೆಯೇ ಜಾಸ್ತಿ ಹೊಂದುತ್ತದೆ. ಬಿಸಿಲು ಒಂದೇ ಬಣ್ಣದ ನೀಟಾದ ಅಲೆ ಅಲ್ಲ. ನೂರೆಂಟು ತರಂಗಾಂತರಗಳು ತಮ್ಮ ಪಾಡಿಗೆ ತಾವು ಕಲಸಿಕೊಂಡಿವೆ, ಅವುಗಳ ಮೊತ್ತ ಒಂದು ಕ್ಷಣ 2.9 ದಾಟಿ ಮೇಲೂ ಹೋಗುತ್ತದೆ, ಇನ್ನೊಂದು ಕ್ಷಣ ಏನೂ ಇಲ್ಲದ ಹಾಗೆ ಇಳಿಯುತ್ತದೆ. ಅಂಥ ಬೆಳಕಿಗೆ 'ಗರಿಷ್ಠ' ಅನ್ನುವುದಕ್ಕೆ ಗಟ್ಟಿ ಅರ್ಥ ಇಲ್ಲ, ಆರ್‌ಎಂಎಸ್ ಬೆಲೆಗೆ ಇದೆ. 2.9 ಅಂದರೆ, ಅಷ್ಟೇ ತೀವ್ರತೆಯ ಒಂದೇ ಬಣ್ಣದ ಅಲೆ ಇದ್ದಿದ್ದರೆ ಅದರ ನೆತ್ತಿ ಎಷ್ಟಿರುತ್ತಿತ್ತು ಅನ್ನುವ ಲೆಕ್ಕ.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. 868 ದೊಡ್ಡದು, 0.0000029 ಚಿಕ್ಕದು ಅಂತ ಅನಿಸುವುದು ಸಹಜ. ಆದರೆ ಒಂದು ವೋಲ್ಟ್‌ನಲ್ಲಿದೆ, ಇನ್ನೊಂದು ಟೆಸ್ಲಾದಲ್ಲಿ. ಇವೆರಡನ್ನು ಹೋಲಿಸುವುದು ಅಂದರೆ ಕಿಲೋಗ್ರಾಮನ್ನೂ ಮೀಟರನ್ನೂ ಹೋಲಿಸಿದ ಹಾಗೆ. ಹೋಲಿಸಬಹುದಾದದ್ದು ಶಕ್ತಿಯನ್ನು ಮಾತ್ರ. ಎರಡನ್ನೂ ಜೂಲ್‌ಗೆ ತನ್ನಿ. ವಿದ್ಯುತ್ ಕ್ಷೇತ್ರಕ್ಕೆ: 8.854 × 10⁻¹² (ಇದು ನಿರ್ವಾತದ ಪರ್ಮಿಟಿವಿಟಿ) × 868² ÷ 2, ಬರುವುದು ಘನ ಮೀಟರಿಗೆ 3.34 × 10⁻⁶ ಜೂಲ್. ಕಾಂತಕ್ಷೇತ್ರಕ್ಕೆ: (2.895 × 10⁻⁶)² ÷ (2 × 1.257 × 10⁻⁶), ಬರುವುದು ಮತ್ತೆ 3.34 × 10⁻⁶. ಒಂದು ಚೂರೂ ಹೆಚ್ಚುಕಮ್ಮಿ ಇಲ್ಲ.

ಇಷ್ಟಕ್ಕೂ ಮನಸ್ಸಿಗೆ ಹಿಡಿಸದಿದ್ದರೆ ಇನ್ನೊಂದು ಮಾಡಿ. ಹಳೆಯ ಗೌಸಿಯನ್ ಮಾನಪದ್ಧತಿ ಅಂತ ಒಂದಿದೆ, ಅದರಲ್ಲಿ ವಿದ್ಯುತ್ ಕ್ಷೇತ್ರವನ್ನೂ ಕಾಂತಕ್ಷೇತ್ರವನ್ನೂ ಒಂದೇ ಅಳತೆಗೋಲಿನಲ್ಲಿ ಅಳೆಯುತ್ತಾರೆ. ಮೀಟರಿಗೆ 868 ವೋಲ್ಟ್ ಅಂದರೆ ಆ ಪದ್ಧತಿಯಲ್ಲಿ ಸೆಂಟಿಮೀಟರಿಗೆ 0.029 ಸ್ಟ್ಯಾಟ್‌ವೋಲ್ಟ್. 2.9 ಮೈಕ್ರೊಟೆಸ್ಲಾ ಅಂದರೆ 0.029 ಗೌಸ್. ಒಂದೇ ಅಲೆ, ಒಂದೇ ಬೆಳಕು, ಎರಡಕ್ಕೂ 0.029. ಮೂವತ್ತು ಕೋಟಿ ಪಟ್ಟು ವ್ಯತ್ಯಾಸ ಎಲ್ಲಿ ಹೋಯಿತು? ಅದು ಬೆಳಕಿನಲ್ಲಿ ಇರಲೇ ಇಲ್ಲ, ನಾವು ಆರಿಸಿಕೊಂಡ ಮೀಟರ್ ಮತ್ತು ಸೆಕೆಂಡಿನಲ್ಲಿ ಇತ್ತು.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದ ಸರ್. 0.029 ಎರಡೂ ಕಡೆ ಬಂದಾಗ ನಿಜಕ್ಕೂ ಖುಷಿಯಾಯಿತು, ನಾನೇ ಕೂತು ಮತ್ತೊಮ್ಮೆ ಹಾಕಿ ನೋಡಿದೆ. ಆದರೆ ಈಗ ಬೇರೆ ಅನುಮಾನ ಶುರುವಾಗಿದೆ. ಇಬ್ಬರೂ ಸಮ ಅಂದಮೇಲೆ, ಎಲ್ಲ ಪುಸ್ತಕಗಳೂ 'ಬೆಳಕು ವಸ್ತುವಿನ ಮೇಲೆ ಮಾಡುವ ಕೆಲಸ ವಿದ್ಯುತ್ ಕ್ಷೇತ್ರದಿಂದ' ಅಂತ ಯಾಕೆ ಹೇಳುತ್ತವೆ? ಕಣ್ಣು, ಫೋಟೋ ಫಿಲಂ, ಸೋಲಾರ್ ಪ್ಯಾನೆಲ್ ಎಲ್ಲದಕ್ಕೂ ಅದನ್ನೇ ಹೇಳುತ್ತಾರೆ. ಕಾಂತಕ್ಷೇತ್ರಕ್ಕೆ ಅರ್ಧ ಶಕ್ತಿ ಇದ್ದೂ ಅದು ಸುಮ್ಮನೆ ಜೊತೆಗೆ ಬರುತ್ತದಾ?

ಉತ್ತರ 2

ಇದಕ್ಕೆ ನಾನು ಹೇಳುತ್ತೇನೆ, ನನಗೆ ಬಹಳ ಇಷ್ಟದ ವಿಷಯ.

ಬೆಳಕಿನ ಎರಡೂ ಕ್ಷೇತ್ರ ಸಮ, ಆದರೆ ಎದುರಿಗೆ ಸಿಗುವ ಎಲೆಕ್ಟ್ರಾನ್ ನಿಧಾನದ್ದು. ವಿದ್ಯುತ್ ಕ್ಷೇತ್ರ ನಿಂತಿರುವ ಎಲೆಕ್ಟ್ರಾನನ್ನೂ ತಳ್ಳುತ್ತದೆ. ಕಾಂತಕ್ಷೇತ್ರ ಓಡುತ್ತಿರುವುದನ್ನು ಮಾತ್ರ ತಳ್ಳುತ್ತದೆ, ಅದೂ ಓಟದ ವೇಗಕ್ಕೆ ತಕ್ಕಂತೆ. ಬಲದ ಲೆಕ್ಕದಲ್ಲಿ ವೇಗ × ಬಿ ಬರುತ್ತದೆ, ಬಿ ಅಂದರೆ ಇ ÷ ಸಿ. ಹಾಗಾಗಿ ಕಾಂತಬಲ ಮತ್ತು ವಿದ್ಯುತ್ ಬಲದ ಅನುಪಾತ ಅಂದರೆ ಎಲೆಕ್ಟ್ರಾನಿನ ವೇಗ ÷ ಬೆಳಕಿನ ವೇಗ, ಅಷ್ಟೇ. ಹೈಡ್ರೋಜನ್ ಪರಮಾಣುವಿನಲ್ಲಿ ಎಲೆಕ್ಟ್ರಾನಿನ ವೇಗ ಬೆಳಕಿನ ವೇಗದ ಸುಮಾರು 137ರಲ್ಲಿ ಒಂದು ಪಾಲು. ಅಂದರೆ ಕಾಂತಬಲ ಹೆಚ್ಚೆಂದರೆ 137ರಲ್ಲಿ ಒಂದು ಪಾಲು.

ಇದನ್ನು ಕಣ್ಣಾರೆ ತೋರಿಸಿದವರು ಓಟ್ಟೊ ವೀನರ್, 1890ರಲ್ಲಿ. ಕನ್ನಡಿಗೆ ನೇರವಾಗಿ ಬೆಳಕು ಬಿಟ್ಟರೆ ಹೋಗುವ ಅಲೆಯೂ ತಿರುಗಿ ಬರುವ ಅಲೆಯೂ ಸೇರಿ ಒಂದು ನಿಂತ ಅಲೆ ಆಗುತ್ತದೆ. ಅದರಲ್ಲಿ ವಿದ್ಯುತ್ ಕ್ಷೇತ್ರ ಜೋರಾಗಿ ಆಡುವ ಜಾಗ ಬೇರೆ, ಕಾಂತಕ್ಷೇತ್ರ ಜೋರಾಗಿ ಆಡುವ ಜಾಗ ಬೇರೆ. ಕನ್ನಡಿಯ ಮೈಯಲ್ಲೇ ವಿದ್ಯುತ್ ಕ್ಷೇತ್ರ ಸೊನ್ನೆ, ಕಾಂತಕ್ಷೇತ್ರ ಎರಡು ಪಟ್ಟು. ಕಾಲು ತರಂಗಾಂತರ ಆಚೆ ಬಂದರೆ ಅದಲುಬದಲು. ಈಗ ನೋಡಿ, ಯಾವ ಕ್ಷೇತ್ರ ಫಿಲಂ ಮೇಲೆ ಕೆಲಸ ಮಾಡುತ್ತದೆ ಅಂತ ತಿಳಿಯಲು ಇದಕ್ಕಿಂತ ಒಳ್ಳೆ ಜಾಗ ಬೇಕಾ? ತೊಂದರೆ ಏನೆಂದರೆ ಹಸಿರು ಬೆಳಕಿಗೆ ಈ ಪಟ್ಟಿಗಳ ನಡುವಿನ ಅಂತರ ಸುಮಾರು 275 ನ್ಯಾನೋಮೀಟರ್, ಕಣ್ಣಿಗೆ ಕಾಣುವ ಮಾತೇ ಇಲ್ಲ.

ವೀನರ್ ಏನು ಮಾಡಿದರು ಅಂದರೆ, ತರಂಗಾಂತರಕ್ಕಿಂತ ಎಷ್ಟೋ ತೆಳುವಾದ ಫೋಟೋ ಪದರವನ್ನು ಕನ್ನಡಿಗೆ ಒಂದು ಕೂದಲೆಳೆಯಷ್ಟು ಓರೆಯಾಗಿ ಇಟ್ಟರು. ಉದಾಹರಣೆಗೆ 1000 ಮಿಲಿಮೀಟರ್ ದೂರಕ್ಕೆ 1 ಮಿಲಿಮೀಟರ್ ಏರುವಷ್ಟು ಓರೆ ಇದ್ದರೆ, 275 ನ್ಯಾನೋಮೀಟರ್ ಅಂತರ ಆ ಪದರದ ಮೇಲೆ ಸಾವಿರ ಪಟ್ಟು ಹಿಗ್ಗಿ 0.275 ಮಿಲಿಮೀಟರ್ ಆಗುತ್ತದೆ. ಅದನ್ನು ಲೆನ್ಸ್ ಹಿಡಿದು ನೋಡಬಹುದು. ಡೆವಲಪ್ ಮಾಡಿದಾಗ ಕಪ್ಪು ಪಟ್ಟಿ, ಬಿಳಿ ಪಟ್ಟಿ ಸಾಲಾಗಿ ಬಂದವು. ಪದರ ಕನ್ನಡಿಗೆ ತಾಗಿದ್ದ ಜಾಗದಲ್ಲಿ ಕಪ್ಪಾಗಿರಲಿಲ್ಲ. ಅಲ್ಲಿ ಕಾಂತಕ್ಷೇತ್ರ ಎರಡು ಪಟ್ಟು ಆಡುತ್ತಿತ್ತು, ಆದರೂ ಫಿಲಂ ಅಲುಗಾಡಲಿಲ್ಲ. ನಾನು ಈ ಪ್ರಯೋಗದ ಬಗ್ಗೆ ಮೊದಲು ಓದಿದಾಗ ಆ ಓರೆಯ ಉಪಾಯವನ್ನೇ ಎಷ್ಟೋ ಹೊತ್ತು ಯೋಚಿಸುತ್ತಾ ಕೂತಿದ್ದೆ.

ಇದರಿಂದ ನಿಮ್ಮ ಲೆಕ್ಕಕ್ಕೂ ಒಂದು ಎಚ್ಚರಿಕೆ ಇದೆ. ಇ = ಸಿ × ಬಿ ಅನ್ನುವುದು ಒಂದೇ ದಿಕ್ಕಿಗೆ ಹೋಗುವ ಅಲೆಗೆ. ಕನ್ನಡಿ ಮುಂದೆ, ಅಥವಾ ಮೈಕ್ರೊವೇವ್ ಓವನ್ ಒಳಗೆ ಅಲೆ ಹಿಂದೆ ಮುಂದೆ ಬಡಿದಾಡುವಾಗ, ಒಂದು ಜಾಗದ ಬಿ ತೆಗೆದುಕೊಂಡು ಆ ಸೂತ್ರಕ್ಕೆ ಹಾಕಿ ತೀವ್ರತೆ ಇಷ್ಟು ಅನ್ನಲು ಆಗುವುದಿಲ್ಲ.

ಆದರೆ ಕಾಂತಕ್ಷೇತ್ರ ಸುಮ್ಮನೆ ಜೊತೆಗೆ ಬರುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಬೆಳಕು ವಸ್ತುವನ್ನು ಮುಂದಕ್ಕೆ ತಳ್ಳುವುದು ಅದರಿಂದಲೇ. ವಿದ್ಯುತ್ ಕ್ಷೇತ್ರ ಎಲೆಕ್ಟ್ರಾನನ್ನು ಅಡ್ಡಕ್ಕೆ ಓಡಿಸುತ್ತದೆ, ಓಡುವ ಎಲೆಕ್ಟ್ರಾನನ್ನು ಕಾಂತಕ್ಷೇತ್ರ ಬೆಳಕು ಹೋಗುವ ದಿಕ್ಕಿಗೆ ತಿರುಗಿಸುತ್ತದೆ. ಅರ್ಧ ಸುತ್ತಿನ ನಂತರ ಓಟದ ದಿಕ್ಕೂ ತಿರುಗುತ್ತದೆ, ಕಾಂತಕ್ಷೇತ್ರವೂ ತಿರುಗುತ್ತದೆ, ಹಾಗಾಗಿ ನೂಕು ಮಾತ್ರ ಮುಂದಕ್ಕೇ. ಬೆಳಕನ್ನು ಪೂರ್ತಿ ಹೀರುವ ಕಪ್ಪು ಹಲಗೆಯ ಮೇಲೆ ಈ ಒತ್ತಡ ತೀವ್ರತೆ ÷ ಸಿ, ಅಂದರೆ ನಮ್ಮ ಬಿಸಿಲಿಗೆ 3.34 × 10⁻⁶ ಪಾಸ್ಕಲ್. ಈ ಸಂಖ್ಯೆ ಮೇಲೆ ಎಲ್ಲೋ ನೋಡಿದ ಹಾಗಿದೆ ಅಲ್ವಾ? ಬಿ² ÷ 2ಮ್ಯೂ ಹಾಕಿದಾಗ ಬಂದದ್ದೂ ಅದೇ. ಲೆಬೆದೆವ್, ಅವರ ಬೆನ್ನಿಗೇ ನಿಕಲ್ಸ್ ಮತ್ತು ಹಲ್, 1900ರ ಆಸುಪಾಸಿನಲ್ಲಿ ಇಷ್ಟು ಸಣ್ಣ ಒತ್ತಡವನ್ನು ಪ್ರಯೋಗಶಾಲೆಯಲ್ಲಿ ಅಳೆದರು. 2010ರಲ್ಲಿ ಜಪಾನಿನ ಇಕಾರೋಸ್ ನೌಕೆ ಬಾಹ್ಯಾಕಾಶದಲ್ಲಿ 14 ಮೀಟರ್ ಅಗಲದ ಚೌಕದ ಪಟ ಬಿಚ್ಚಿ ಇದೇ ನೂಕಿನಿಂದ ಸಾಗಿತು.

ಉತ್ತರ 3

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನಾನು ಇದನ್ನು ಮಾಡಿಯೇ ನೋಡಿದೆ. ಫೋನಿನಲ್ಲಿ ಕಾಂತಕ್ಷೇತ್ರ ಅಳೆಯುವ ಆ್ಯಪ್ ಹಾಕಿಕೊಂಡು ಮೇಜಿನ ಮೇಲಿಟ್ಟೆ, 41 ಮೈಕ್ರೊಟೆಸ್ಲಾ ತೋರಿಸಿತು. ಅದು ಭೂಮಿಯದ್ದು. ಆಮೇಲೆ ಒಂದು ಜೋರಾದ ಟಾರ್ಚನ್ನು ಹತ್ತಿರ ತಂದು ಬೆಳಕು ಬಿಟ್ಟೆ. 45 ಆಯಿತು! ನಾಲ್ಕು ಜಾಸ್ತಿ. ನೀವು ಹೇಳಿದ 2.9ಕ್ಕೆ ಹತ್ತಿರ ಹತ್ತಿರ ಇದೆ. ಟಾರ್ಚಿನ ಬೆಳಕು ಬಿಸಿಲಿಗಿಂತ ಸ್ವಲ್ಪ ಜೋರಾಗಿದೆ ಅಂದುಕೊಂಡರೆ ಲೆಕ್ಕ ಕೂಡುತ್ತದೆ ಅಲ್ವಾ?

ಉತ್ತರ 1

ಅಳತೆ ಮಾಡಿ ನೋಡಿದ್ದು ಬಹಳ ಒಳ್ಳೆಯದಾಯಿತು, ಆದರೆ ಆ ನಾಲ್ಕು ಬೆಳಕಿನದ್ದಲ್ಲ.

ಹಸಿರು ಬೆಳಕಿನ ಕ್ಷೇತ್ರ ಸೆಕೆಂಡಿಗೆ ಸುಮಾರು 5.5 × 10¹⁴ ಸಲ ಅತ್ತ ಇತ್ತ ತಿರುಗುತ್ತದೆ. ಫೋನಿನ ಸೆನ್ಸರ್ ಸೆಕೆಂಡಿಗೆ ನೂರು ಸಲದ ಆಸುಪಾಸು ಓದುತ್ತದೆ. ಅದು ಒಂದು ಸಲ ಓದುವಷ್ಟರಲ್ಲಿ ಕ್ಷೇತ್ರ ಲಕ್ಷ ಕೋಟಿಗೂ ಹೆಚ್ಚು ಸಲ ಉತ್ತರ ದಕ್ಷಿಣ ಮಾಡಿರುತ್ತದೆ, ಸರಾಸರಿ ಸೊನ್ನೆ. ದಿಕ್ಸೂಚಿಯ ಮುಳ್ಳು ಬಿಸಿಲಿಗೆ ಅಲುಗದಿರುವುದಕ್ಕೂ ಇದೇ ಕಾರಣ. ಕ್ಷೇತ್ರ ಚಿಕ್ಕದು ಅಂತ ಅಲ್ಲ, ಸೂಕ್ಷ್ಮವಾದ ಸೆನ್ಸರ್‌ಗೆ 2.9 ಮೈಕ್ರೊಟೆಸ್ಲಾ ಸ್ಥಿರವಾಗಿದ್ದರೆ ಆರಾಮಾಗಿ ತಿಳಿಯುತ್ತದೆ.

ಪರೀಕ್ಷೆ ಸುಲಭ. ಟಾರ್ಚನ್ನು ಅದೇ ಜಾಗದಲ್ಲಿ ಇಟ್ಟು ಗಾಜಿನ ಮುಂದೆ ದಪ್ಪ ರಟ್ಟು ಅಡ್ಡ ಹಿಡಿಯಿರಿ. ಬೆಳಕು ನಿಂತರೂ ಓದು ಹಾಗೇ ಇದ್ದರೆ ಅದು ಬೆಳಕಿನದ್ದಲ್ಲ. ಆಮೇಲೆ ಸ್ವಿಚ್ ಆರಿಸಿ. ಆಗಲೂ ಹಾಗೇ ಇದ್ದರೆ ಕರೆಂಟಿನದ್ದೂ ಅಲ್ಲ, ಒಳಗಿನ ಉಕ್ಕಿನದ್ದು. ಬ್ಯಾಟರಿ ಸೆಲ್ಲಿನ ಹೊರಕವಚ ಬಹಳ ಸಲ ಉಕ್ಕಿನದೇ ಆಗಿರುತ್ತದೆ, ಸ್ಪ್ರಿಂಗ್ ಕೂಡ.

ಇನ್ನೊಂದು ಗುರುತೂ ಇದೆ. ದೂರಕ್ಕೆ ಒಯ್ದು ನೋಡಿ. ಅಯಸ್ಕಾಂತದ ಹಾಗೆ ಇರುವ ವಸ್ತುವಿನಿಂದ ದೂರ ಎರಡು ಪಟ್ಟು ಆದರೆ ಕ್ಷೇತ್ರ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಬೆಳಕಿನದ್ದು ಹಾಗಲ್ಲ. ಸುತ್ತಲೂ ಹರಡುವ ಬೆಳಕಿನ ತೀವ್ರತೆ ಕಾಲು ಭಾಗಕ್ಕೆ ಇಳಿಯುತ್ತದೆ, ಕ್ಷೇತ್ರ ಅದರ ವರ್ಗಮೂಲ ಆದ್ದರಿಂದ ಬರೀ ಅರ್ಧಕ್ಕೆ. ಈ ವರ್ಗಮೂಲ ಎಷ್ಟು ದೊಡ್ಡ ಉಪಕಾರ ನೋಡಿ. ಭೂಮಿಯ ವಾತಾವರಣದ ಹೊರಗೆ ಬಿಸಿಲು ಚದರ ಮೀಟರಿಗೆ ಸುಮಾರು 1361 ವ್ಯಾಟ್, ಕ್ಷೇತ್ರ 3.4 ಮೈಕ್ರೊಟೆಸ್ಲಾ. ಗುರು ಗ್ರಹ ಸೂರ್ಯನಿಂದ ನಮಗಿಂತ 5.2 ಪಟ್ಟು ದೂರ. ಅಲ್ಲಿ ತೀವ್ರತೆ 27ರಲ್ಲಿ ಒಂದು ಪಾಲು, 50 ವ್ಯಾಟ್ ಮಾತ್ರ. ಆದರೆ ಕ್ಷೇತ್ರ ಇನ್ನೂ 0.65 ಮೈಕ್ರೊಟೆಸ್ಲಾ ಇರುತ್ತದೆ.

ಪ್ರಶ್ನೆ ಕೇಳಿದವರು

ಹಾಗಾದರೆ ಮೇಲಕ್ಕೆ ಹೋದರೆ? ಬಿಸಿಲಿಗಿಂತ ಲೇಸರ್ ಎಷ್ಟೋ ಜೋರು ಅಂತಾರೆ. ಅದರಲ್ಲಿ ಕಾಂತಕ್ಷೇತ್ರ ದೊಡ್ಡದಿರಬೇಕಲ್ಲ.

ಉತ್ತರ 2

ಕೈಯಲ್ಲಿ ಹಿಡಿಯುವ 1 ಮಿಲಿವ್ಯಾಟ್ ಲೇಸರ್ ಪಾಯಿಂಟರ್ ತಗೊಳ್ಳಿ, ಕಿರಣದ ಅಗಲ 1 ಮಿಲಿಮೀಟರ್. ಆ ಚುಕ್ಕಿಯ ವಿಸ್ತೀರ್ಣದಿಂದ ಭಾಗಿಸಿದರೆ ಚದರ ಮೀಟರಿಗೆ ಸುಮಾರು 1270 ವ್ಯಾಟ್, ಕ್ಷೇತ್ರ 3.3 ಮೈಕ್ರೊಟೆಸ್ಲಾ. ಬಿಸಿಲಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಆದರೂ ಅದನ್ನು ಕಣ್ಣಿಗೆ ಬಿಟ್ಟುಕೊಳ್ಳಬೇಡಿ, ಕಣ್ಣಿನ ಲೆನ್ಸ್ ಆ ಕಿರಣವನ್ನು ಒಂದು ಸೂಜಿಮೊನೆಯಷ್ಟು ಜಾಗಕ್ಕೆ ಕೂಡಿಸಿಬಿಡುತ್ತದೆ, ಆಗ ತೀವ್ರತೆ ಎಲ್ಲಿಗೋ ಹೋಗುತ್ತದೆ.

ದೊಡ್ಡದು ಬೇಕಾದರೆ, 2021ರಲ್ಲಿ ದಕ್ಷಿಣ ಕೊರಿಯಾದ ವಿಜ್ಞಾನಿಗಳು ಚದರ ಸೆಂಟಿಮೀಟರಿಗೆ 10²³ ವ್ಯಾಟ್ ಮುಟ್ಟಿದ್ದಾಗಿ ಪ್ರಕಟಿಸಿದರು. ಚದರ ಮೀಟರಿಗೆ 10²⁷. ಇದಕ್ಕೆ ಕ್ಯಾಲ್ಕುಲೇಟರ್ ಬೇಡ. ನಮ್ಮ ಬಿಸಿಲಿಗಿಂತ 10²⁴ ಪಟ್ಟು, ವರ್ಗಮೂಲ 10¹², ಹಾಗಾಗಿ 2.9 ಮೈಕ್ರೊಟೆಸ್ಲಾ ಹೋಗಿ 29 ಲಕ್ಷ ಟೆಸ್ಲಾ. ಆಸ್ಪತ್ರೆಯ ಎಂಆರ್‌ಐ ಯಂತ್ರ ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ. ಇದು ಇರುವುದು ಕೂದಲಿಗಿಂತ ಎಷ್ಟೋ ಸಣ್ಣ ಚುಕ್ಕಿಯಲ್ಲಿ, ಕಣ್ಣು ಮುಚ್ಚಿ ತೆರೆಯುವುದಕ್ಕಿಂತ ಎಷ್ಟೋ ಕೋಟಿ ಪಟ್ಟು ಕಡಿಮೆ ಹೊತ್ತು. ಅಲ್ಲಿ ಎಲೆಕ್ಟ್ರಾನ್ ನಿಧಾನದ್ದಾಗಿ ಉಳಿಯುವುದಿಲ್ಲ. ಒಂದೇ ಸುತ್ತಿನೊಳಗೆ ಬೆಳಕಿನ ವೇಗದ ಹತ್ತಿರಕ್ಕೆ ಬಂದುಬಿಡುತ್ತದೆ, ಆಗ ಮೇಲೆ ಹೇಳಿದ ಅನುಪಾತ 1ರ ಹತ್ತಿರ ಆಗುತ್ತದೆ. ಫಿಲಂ ಮೇಲೆ ಏನೂ ಮಾಡದ ಕಾಂತಕ್ಷೇತ್ರ ಇಲ್ಲಿ ವಿದ್ಯುತ್ ಕ್ಷೇತ್ರಕ್ಕೆ ಸಮನಾಗಿ ಕೆಲಸಕ್ಕೆ ಇಳಿಯುತ್ತದೆ.

ಒಂದು ಮಾತು ಬಿಟ್ಟುಹೋಗಿತ್ತು, ಲೆಕ್ಕದಲ್ಲಿ ಗಾಜು ಅಥವಾ ನೀರು ಬಂದರೆ ಸಿ ಬದಲು ಅಲ್ಲಿನ ವೇಗ ಹಾಕಿ. ವಕ್ರೀಭವನ ಸೂಚ್ಯಂಕ 1.5 ಇರುವ ಗಾಜಿನೊಳಗೆ ಅದೇ 1000 ವ್ಯಾಟ್ ಸಾಗುತ್ತಿದ್ದರೆ ಕಾಂತಕ್ಷೇತ್ರ 1.22 ಪಟ್ಟು ಏರಿ 3.5 ಮೈಕ್ರೊಟೆಸ್ಲಾ ಆಗುತ್ತದೆ, ವಿದ್ಯುತ್ ಕ್ಷೇತ್ರ ಅಷ್ಟೇ ಪಟ್ಟು ಇಳಿಯುತ್ತದೆ. ಶಕ್ತಿಯ ಪಾಲು ಅಲ್ಲೂ ಅರ್ಧ ಅರ್ಧ.

ಉತ್ತರ 3

ರಟ್ಟು ಹಿಡಿದು ನೋಡಿದೆ. 45 ಹಾಗೇ ಇತ್ತು. ಸ್ವಿಚ್ ಆರಿಸಿದೆ, ಆಗಲೂ 45. ಟಾರ್ಚನ್ನು ಬಿಚ್ಚಿ ಖಾಲಿ ಕೊಳವೆ ಮಾತ್ರ ಇಟ್ಟಾಗ 41ಕ್ಕೆ ಬಂತು, ಸೆಲ್ಲುಗಳನ್ನು ಮಾತ್ರ ಅದೇ ಜಾಗಕ್ಕೆ ತಂದಾಗ ಮತ್ತೆ 45. ಸೆಲ್ಲುಗಳನ್ನು ಎರಡು ಪಟ್ಟು ದೂರ ಸರಿಸಿದೆ, ಹೆಚ್ಚುವರಿ ನಾಲ್ಕರಲ್ಲಿ ಅರ್ಧ ಕೂಡ ಉಳಿಯಲಿಲ್ಲ. ಕೊನೆಗೆ ಫೋನನ್ನು ಒಮ್ಮೆ ನೆರಳಲ್ಲಿ, ಒಮ್ಮೆ ಪೂರ್ತಿ ಬಿಸಿಲಲ್ಲಿ, ಒಂದೇ ದಿಕ್ಕಿಗೆ ಒಂದೇ ಕಲ್ಲಿನ ಮೇಲಿಟ್ಟು ನೋಡಿದೆ. ಎರಡೂ ಸಲ 41.